ಸಾಂಟಾ ಪಕ್ಕದಲ್ಲೇ ಬೆತ್ಲೆಹೇಮ್: ಬಾಬ್ ಡಿಲನ್ ಹಾಡಿದ ಕ್ರಿಸ್‌ಮಸ್

ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಒಮ್ಮೆ ನೋಡಿ. ಹೊಸ ಹಾಡುಗಳೆಲ್ಲ ಕೆಳಗೆ ಜಾರಿರುತ್ತವೆ. ಮೇಲೆ ಕೂತಿರುವುದು ಐವತ್ತು, ಅರವತ್ತು ವರ್ಷ ಹಳೆಯ ದನಿಗಳು. ಬ್ರೆಂಡಾ ಲೀ ಅವರು 'ರಾಕಿನ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ' ಹಾಡನ್ನು ರೆಕಾರ್ಡ್ ಮಾಡಿದ್ದು 1958ರಲ್ಲಿ. ಆಗ ಅವರಿಗೆ 13 ವರ್ಷ. ಅದೇ ಹಾಡು, ಅದೇ ರೆಕಾರ್ಡಿಂಗ್ 2023ರ ಡಿಸೆಂಬರ್‌ನಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಆಗ ಅವರಿಗೆ 78. ಮರಾಯಾ ಕ್ಯಾರಿ ಅವರ 1994ರ ಹಾಡಿಗೆ ಅದೇ ಸ್ಥಾನ ಸಿಕ್ಕಿದ್ದು 25 ವರ್ಷ ಕಳೆದ ಮೇಲೆ, 2019ರಲ್ಲಿ.

ಇದಕ್ಕೆ ದೊಡ್ಡ ಕಾರಣ ಲೆಕ್ಕ ಹಾಕುವ ರೀತಿ ಬದಲಾಗಿದ್ದು. ಮೊದಲು ಇಂಥ ಪಟ್ಟಿಗೆ ನೋಡುತ್ತಿದ್ದದ್ದು ಮಾರಾಟ ಮತ್ತು ರೇಡಿಯೋ. 1965ರಲ್ಲಿ ಯಾರೋ ಒಂದು ರೆಕಾರ್ಡ್ ಕೊಂಡರು ಅಂದುಕೊಳ್ಳಿ. ಆ ಮಾರಾಟ ಲೆಕ್ಕಕ್ಕೆ ಬರುತ್ತಿದ್ದದ್ದು ಒಂದೇ ಸಲ. ಆಮೇಲೆ ಆ ಮನೆಯವರು ಪ್ರತಿ ಹಬ್ಬಕ್ಕೂ ಅದನ್ನೇ ಹಾಕಿ ಕೇಳಿದರೂ ಕಂಪನಿಗೆ ಗೊತ್ತಾಗುತ್ತಿರಲಿಲ್ಲ, ಹಾಡಿದವರಿಗೆ ಒಂದು ಕಾಸೂ ಬರುತ್ತಿರಲಿಲ್ಲ. ಸ್ಟ್ರೀಮಿಂಗ್ ಬಂದ ಮೇಲೆ ಹಾಗಲ್ಲ. ಕೇಳಿದಾಗಲೆಲ್ಲ ಲೆಕ್ಕ, ಕೇಳಿದಾಗಲೆಲ್ಲ ಒಂದಿಷ್ಟು ಹಣ. ಹಬ್ಬವೋ ವರ್ಷ ತಪ್ಪದೆ ಬರುತ್ತದೆ. ಹಾಗಾಗಿ ಒಳ್ಳೆಯ ಕ್ರಿಸ್‌ಮಸ್ ರೆಕಾರ್ಡಿಂಗ್ ಒಂದಿದ್ದರೆ ಅದು ವರ್ಷಾವರ್ಷ ಫಲ ಕೊಡುವ ಆಸ್ತಿ.

ಹಿರಿಯ ಗಾಯಕರು ಒಬ್ಬರ ಹಿಂದೆ ಒಬ್ಬರು ಹಬ್ಬದ ಆಲ್ಬಮ್ ಮಾಡುತ್ತಿರುವುದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಡಾಲಿ ಪಾರ್ಟನ್ 2020ರಲ್ಲಿ, 74ನೇ ವಯಸ್ಸಿನಲ್ಲಿ ಮಾಡಿದರು. ಲಖನೌದಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್ 2022ರಲ್ಲಿ, 82 ತುಂಬಿದ ಮೇಲೆ ಮಾಡಿದರು. ಗಾಯಕಿ ಶೇರ್ ತಮ್ಮ ಮೊದಲ ಕ್ರಿಸ್‌ಮಸ್ ಆಲ್ಬಮ್ ಹೊರತಂದದ್ದು 77ನೇ ವಯಸ್ಸಿನಲ್ಲಿ. ಇಂಥದ್ದೊಂದು ಬಂದಾಗಲೆಲ್ಲ ಅದೇ ಪ್ರಶ್ನೆ ಏಳುತ್ತದೆ: ಇದು ಭಕ್ತಿಯೋ, ವ್ಯಾಪಾರವೋ? ಸಾಂಟಾ ತಾತನ ಕುಣಿತದ ಹಾಡು ಮತ್ತು ಯೇಸು ಹುಟ್ಟಿದ ರಾತ್ರಿಯ ಕ್ಯಾರಲ್ (ಚರ್ಚಿನ ಹಬ್ಬದ ಹಾಡು), ಎರಡನ್ನೂ ಒಂದೇ ಆಲ್ಬಮ್‌ನಲ್ಲಿ ಹಾಡಿದರೆ ಯಾವುದನ್ನು ನಂಬಬೇಕು?

ಈ ಪ್ರಶ್ನೆಯನ್ನು ಸುಮ್ನೆ ಗಾಳಿಯಲ್ಲಿ ಚರ್ಚೆ ಮಾಡುವುದಕ್ಕಿಂತ ಒಂದು ಆಲ್ಬಮ್ ಹಿಡಿದು ನೋಡುವುದು ಮೇಲು. ನಾನು ಆರಿಸಿಕೊಂಡಿರುವುದು ಅಮೆರಿಕದ ಗಾಯಕ, ಹಾಡು ಬರೆಯುವ ಬಾಬ್ ಡಿಲನ್ ಅವರ 'ಕ್ರಿಸ್‌ಮಸ್ ಇನ್ ದ ಹಾರ್ಟ್'. 2009ರ ಅಕ್ಟೋಬರ್‌ನಲ್ಲಿ ಬಂದದ್ದು. ಆಗ ಡಿಲನ್ ಅವರಿಗೆ 68 ವರ್ಷ. ಬಂದಾಗ ಎಷ್ಟೋ ಜನ ಇದನ್ನು ತಮಾಷೆ ಅಂದುಕೊಂಡರು. ನನ್ನ ಪ್ರಕಾರ ಈ ಬಗೆಯ ಆಲ್ಬಮ್‌ಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಸಿಗುವುದು ಕಷ್ಟ. ಅದು ಯಾಕೆ ಅಂತ ಹೇಳುವುದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1935ರಲ್ಲಿ ಬಿಂಗ್ ಕ್ರಾಸ್ಬಿ ಅಮೆರಿಕದ ದೊಡ್ಡ ತಾರೆ. 'ಸೈಲೆಂಟ್ ನೈಟ್' ಹಾಡಿ ಅಂತ ಕೇಳಿದಾಗ ಅವರು ಹಿಂದೆಮುಂದೆ ನೋಡಿದರು. ದೇವರ ಹಾಡು ಹಾಡಿ ದುಡ್ಡು ಮಾಡಿಕೊಳ್ಳುವುದು ಸರಿಯಲ್ಲ ಅನ್ನುವುದು ಅವರ ಅಳುಕು. ಕೊನೆಗೆ ಆ ಹಣ ಧರ್ಮಕಾರ್ಯಕ್ಕೆ ಹೋಗಲಿ ಅಂತ ತೀರ್ಮಾನವಾದ ಮೇಲೆ ಹಾಡಿದರು. ಏಳು ವರ್ಷದ ನಂತರ, 1942ರಲ್ಲಿ, ಇರ್ವಿಂಗ್ ಬರ್ಲಿನ್ ಬರೆದ 'ವೈಟ್ ಕ್ರಿಸ್‌ಮಸ್' ಹಾಡುವಾಗ ಅಂಥ ಅಳುಕು ಇರಬೇಕಾದ ಕಾರಣವೇ ಇರಲಿಲ್ಲ. ಅದರಲ್ಲಿ ದೇವರೂ ಇಲ್ಲ, ಯೇಸು ಹುಟ್ಟಿದ ಬೆತ್ಲೆಹೇಮೂ ಇಲ್ಲ. ಹಿಮ ಇದೆ, ಮನೆಯ ನೆನಪು ಇದೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ, ಮನೆಯಿಂದ ದೂರ ಇದ್ದ ಸೈನಿಕರಿಗೆ ಅಷ್ಟು ಸಾಕಾಗಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡುಗಳ ಸಾಲಿನಲ್ಲಿ ಅದು ಇವತ್ತಿಗೂ ಮುಂದಿದೆ.

ಹೀಗೆ ಎರಡು ದಾರಿ ಹುಟ್ಟಿದವು. ಒಂದು ಚರ್ಚಿನಿಂದ ಬಂದ ಕ್ಯಾರಲ್. ಇನ್ನೊಂದು ನ್ಯೂಯಾರ್ಕ್ ಮತ್ತು ಹಾಲಿವುಡ್‌ನ ಹಾಡು ಬರೆಯುವವರಿಂದ ಬಂದ ಹಬ್ಬದ ಹಾಡು. ಎಲ್‌ಪಿ ತಟ್ಟೆ ಬಂದಾಗ ಇವೆರಡನ್ನೂ ಕೂಡಿಸುವುದಕ್ಕೆ ಒಂದು ಸುಲಭದ ಉಪಾಯ ಸಿಕ್ಕಿತು. ತಟ್ಟೆಗೆ ಹೇಗೂ ಎರಡು ಮುಖ ಇತ್ತಲ್ಲ! ಫ್ರಾಂಕ್ ಸಿನಾತ್ರಾ 1957ರಲ್ಲಿ ಮಾಡಿದ ಕ್ರಿಸ್‌ಮಸ್ ಆಲ್ಬಮ್‌ನಲ್ಲಿ ಒಂದು ಮುಖಕ್ಕೆ 6 ಜನಪ್ರಿಯ ಹಾಡು, ಇನ್ನೊಂದು ಮುಖಕ್ಕೆ 6 ಕ್ಯಾರಲ್. ಅದೇ ವರ್ಷ ಎಲ್ವಿಸ್ ಪ್ರೆಸ್ಲಿ ಅವರದ್ದೂ ಬಂತು. ಅಲ್ಲೂ ಮೊದಲ ಮುಖದಲ್ಲಿ ಸಾಂಟಾ, ಎರಡನೆಯದರಲ್ಲಿ ಕ್ಯಾರಲ್ ಮತ್ತು ಭಕ್ತಿಗೀತೆ. ಪಾರ್ಟಿ ಬೇಕಾದರೆ ಒಂದು ಮುಖ, ಪ್ರಾರ್ಥನೆ ಬೇಕಾದರೆ ಇನ್ನೊಂದು. ಕೇಳುವವರು ಎದ್ದು ಹೋಗಿ ತಟ್ಟೆ ತಿರುಗಿಸಬೇಕು. ಆ ಹೊತ್ತಲ್ಲಿ ಮನಸ್ಸೂ ತಿರುಗಲಿ ಅನ್ನುವ ಲೆಕ್ಕಾಚಾರ. ಮಜಾ ಅಂದರೆ, ಎಲ್ವಿಸ್ ವಿಷಯದಲ್ಲಿ ಗಲಾಟೆ ಎದ್ದದ್ದು ಕ್ಯಾರಲ್‌ಗಳಿಗಾಗಿ ಮಾತ್ರ ಅಲ್ಲ. 'ವೈಟ್ ಕ್ರಿಸ್‌ಮಸ್' ಹಾಡನ್ನು ಎಲ್ವಿಸ್ ಹಾಡಿದ ರೀತಿ ಬರ್ಲಿನ್‌ಗೆ ಎಷ್ಟು ಸಿಟ್ಟು ತರಿಸಿತೆಂದರೆ, ರೇಡಿಯೋದಲ್ಲಿ ಹಾಕಬೇಡಿ ಅಂತ ಅವರ ಕಚೇರಿಯಿಂದ ಸ್ಟೇಷನ್ನುಗಳಿಗೆ ಫೋನ್ ಹೋಯಿತು. ದೇವರ ಹೆಸರೇ ಇಲ್ಲದ ಹಾಡು 15 ವರ್ಷದಲ್ಲಿ ಮುಟ್ಟಬಾರದ ಪವಿತ್ರ ವಸ್ತು ಆಗಿಬಿಟ್ಟಿತ್ತು.

ಈ ಎರಡು ಮುಖದ ಏರ್ಪಾಟನ್ನೇ ಡಿಲನ್ ಬಿಟ್ಟುಬಿಟ್ಟರು.

'ಕ್ರಿಸ್‌ಮಸ್ ಇನ್ ದ ಹಾರ್ಟ್'ನಲ್ಲಿ 15 ಹಾಡುಗಳಿವೆ. 9 ಜನಪ್ರಿಯ ಹಾಡು, 6 ಭಕ್ತಿಯವು. ಅವುಗಳ ಕ್ರಮ ಗಮನಿಸಿ. ಮೊದಲು 'ಹಿಯರ್ ಕಮ್ಸ್ ಸಾಂಟಾ ಕ್ಲಾಸ್'. ಆಮೇಲೆ ಯೇಸುವಿನ ಜನನ ಸಾರುವ 'ಡು ಯು ಹಿಯರ್ ವಾಟ್ ಐ ಹಿಯರ್'. ಆಮೇಲೆ 'ವಿಂಟರ್ ವಂಡರ್‌ಲ್ಯಾಂಡ್'. ಅದರ ಹಿಂದೆಯೇ 'ಹಾರ್ಕ್! ದ ಹೆರಾಲ್ಡ್ ಏಂಜಲ್ಸ್ ಸಿಂಗ್'. ಹೀಗೆ ಒಂದು ಲೋಕದ್ದು, ಒಂದು ದೇವರದ್ದು ಅಂತ ಒಂಬತ್ತನೇ ಹಾಡಿನವರೆಗೆ ತಪ್ಪದೆ ನಡೆಯುತ್ತದೆ. ಅಲ್ಲಿಂದ ಮುಂದೆ ಎರಡು ಜನಪ್ರಿಯ ಹಾಡಿಗೆ ಒಂದು ಕ್ಯಾರಲ್. ಕೊನೆಯ ಹಾಡು 'ಓ ಲಿಟಲ್ ಟೌನ್ ಆಫ್ ಬೆತ್ಲೆಹೇಮ್'. ಅದು ಮುಗಿಯುವುದು 'ಆಮೆನ್' ಜೊತೆಗೆ. ಇದು ಅಕಸ್ಮಾತ್ ಆಗಿದ್ದಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಸಿನಾತ್ರಾ ಅವರ 12 ಹಾಡುಗಳಲ್ಲಿ 7 ಇಲ್ಲಿಯೂ ಇವೆ. ಸಾಮಗ್ರಿ ಹೆಚ್ಚುಕಡಿಮೆ ಅದೇ. ನಡುವಿನ ಗೋಡೆ ಮಾತ್ರ ಇಲ್ಲ.

ಮೊದಲ ಹಾಡನ್ನೇ ತಗೊಳ್ಳಿ. 'ಹಿಯರ್ ಕಮ್ಸ್ ಸಾಂಟಾ ಕ್ಲಾಸ್' ಬರೆದವರಲ್ಲಿ ಒಬ್ಬರು ಕೌಬಾಯ್ ಗಾಯಕ ಜೀನ್ ಆಟ್ರಿ. ಹಾಲಿವುಡ್‌ನ ಒಂದು ಮೆರವಣಿಗೆಯಲ್ಲಿ ಕುದುರೆ ಮೇಲೆ ಹೋಗುವಾಗ, ದಾರಿ ಬದಿಯ ಮಕ್ಕಳು ಹಿಂದೆ ಬರುತ್ತಿದ್ದ ಸಾಂಟಾನನ್ನು ನೋಡಿ ಕೂಗಿದ್ದು ಕೇಳಿ ಅವರಿಗೆ ಈ ಹಾಡು ಹೊಳೆಯಿತು. ಆಟಿಕೆ, ಜಾರುಬಂಡಿ, ಗಂಟೆ ಎಲ್ಲ ಇರುವ ಮಕ್ಕಳ ಹಾಡು. ಆದರೆ ಪೂರ್ತಿ ಕೇಳಿಸಿಕೊಂಡರೆ ಕೊನೆಯಲ್ಲಿ ದೇವರಿಗೆ ಕೃತಜ್ಞತೆ ಹೇಳೋಣ ಅನ್ನುವ ಸಾಲಿದೆ, ನಾವೆಲ್ಲ ದೇವರ ಮಕ್ಕಳು ಅನ್ನುವ ಮಾತಿದೆ. ಜಾಸ್ತಿ ಗಾಯಕರು ಅದನ್ನು ಓಡಿಸಿಕೊಂಡು ಹೋಗುತ್ತಾರೆ. ಡಿಲನ್ ಅವರ ಆ ಕರಕಲು ಗಂಟಲಿನಲ್ಲಿ ಅದು ನಿಂತು ಕೇಳಿಸುತ್ತದೆ. ಎರಡೂ ಬೇರೆ ಬೇರೆ ಅಲ್ಲ ಅಂತ ಮೊದಲ ಹಾಡೇ ಹೇಳಿ ಮುಗಿಸುತ್ತದೆ.

ಇನ್ನು ಭಕ್ತಿಯ ಕಡೆಯಿಂದ ನೋಡೋಣ. 'ಹಾರ್ಕ್! ದ ಹೆರಾಲ್ಡ್' ಕ್ಯಾರಲ್‌ನ ಸಾಹಿತ್ಯ ಚಾರ್ಲ್ಸ್ ವೆಸ್ಲಿ ಅವರದ್ದು, 1739ರದ್ದು. ಇವತ್ತು ನಾವು ಕೇಳುವ ಧಾಟಿ ಮಾತ್ರ ಬೇರೆ ಕಡೆಯಿಂದ ಬಂದದ್ದು. ಗುಟೆನ್‌ಬರ್ಗ್‌ನ ಮುದ್ರಣ ಯಂತ್ರದ ನೆನಪಿಗೆ 1840ರಲ್ಲಿ ಜರ್ಮನಿಯಲ್ಲಿ ಉತ್ಸವ ನಡೆಯಿತು. ಅದಕ್ಕೆ ಫೆಲಿಕ್ಸ್ ಮೆಂಡೆಲ್ಸನ್ ಸಂಗೀತ ಮಾಡಿಕೊಟ್ಟಿದ್ದರು. ಈ ಧಾಟಿಗೆ ಬೇರೆ ಸಾಹಿತ್ಯ ಹೊಂದಬಹುದು, ಆದರೆ ಭಕ್ತಿಯ ಸಾಹಿತ್ಯ ಖಂಡಿತ ಹೊಂದುವುದಿಲ್ಲ ಅಂತ ಅವರೇ ಬರೆದಿದ್ದರು. ಅವರು ತೀರಿಕೊಂಡ ಕೆಲವು ವರ್ಷಕ್ಕೆ, 1855ರಲ್ಲಿ, ವಿಲಿಯಂ ಕಮಿಂಗ್ಸ್ ಅನ್ನುವ ಇಂಗ್ಲೆಂಡಿನ ಸಂಗೀತಗಾರ ವೆಸ್ಲಿಯ ಸಾಲುಗಳನ್ನು ಅದೇ ಧಾಟಿಗೆ ಕೂರಿಸಿದರು. ಈಗ ಆ ಧಾಟಿ ಇಲ್ಲದೆ ಕ್ರಿಸ್‌ಮಸ್ ಆರಾಧನೆಯೇ ಇಲ್ಲ ಅನ್ನುವಂತಾಗಿದೆ. ಅಚ್ಚುಯಂತ್ರಕ್ಕೆ ಮಾಡಿದ ರಾಗ ದೇವದೂತರ ರಾಗ ಆಗಿದೆ.

ಇನ್ನೊಂದು ಉದಾಹರಣೆ 'ಡು ಯು ಹಿಯರ್ ವಾಟ್ ಐ ಹಿಯರ್'. ಕೇಳಿದರೆ ಶತಮಾನಗಳಷ್ಟು ಹಳೆಯದು ಅನ್ನಿಸುತ್ತದೆ. ಬರೆದದ್ದು 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ದಿನಗಳಲ್ಲಿ. ಅಣುಯುದ್ಧ ಇವತ್ತೋ ನಾಳೆಯೋ ಅನ್ನುವ ಭಯ ಇತ್ತು. ನೋಯೆಲ್ ರೆಗ್ನಿ ಮತ್ತು ಗ್ಲೋರಿಯಾ ಶೇನ್ ಅನ್ನುವ ಗಂಡ ಹೆಂಡತಿ ನ್ಯೂಯಾರ್ಕ್‌ನಲ್ಲಿ ಕೂತು ಶಾಂತಿ ಕೋರಿ ಇದನ್ನು ಬರೆದರು. 21 ವರ್ಷದ ಡಿಲನ್ ಆಗ ಅದೇ ಊರಲ್ಲಿದ್ದರು. 'ಲಿಟಲ್ ಡ್ರಮ್ಮರ್ ಬಾಯ್' ಕೂಡ 1941ರದ್ದು. ಅಂದರೆ 'ವೈಟ್ ಕ್ರಿಸ್‌ಮಸ್' ಹಾಡಿನ ವಾರಿಗೆಯದ್ದೇ.

ಹೋಗಲಿ, ಜನಪ್ರಿಯ ಹಾಡುಗಳನ್ನು ಬರೆದವರು ಯಾರು? ಇರ್ವಿಂಗ್ ಬರ್ಲಿನ್ ಯಹೂದಿ. 'ದ ಕ್ರಿಸ್‌ಮಸ್ ಸಾಂಗ್' ಬರೆದ ಮೆಲ್ ಟಾರ್ಮೆ ಮತ್ತು ರಾಬರ್ಟ್ ವೆಲ್ಸ್ ಯಹೂದಿಗಳು. ಅದನ್ನು ಅವರು ಬರೆದದ್ದು 1945ರ ಕ್ಯಾಲಿಫೋರ್ನಿಯಾದ ಉರಿ ಬೇಸಿಗೆಯಲ್ಲಿ. ಸೆಕೆ ಮರೆಯಲಿ ಅಂತ ಚಳಿಯ ಸಾಲುಗಳನ್ನು ಬರೆದುಕೊಳ್ಳುತ್ತಾ ಹೋದದ್ದೇ ಹಾಡಾಯಿತು. 'ಸಿಲ್ವರ್ ಬೆಲ್ಸ್' ಬರೆದ ಜೇ ಲಿವಿಂಗ್ಸ್ಟನ್ ಮತ್ತು ರೇ ಇವಾನ್ಸ್ ಕೂಡ ಯಹೂದಿಗಳೇ. ಬ್ರೆಂಡಾ ಲೀ ಅವರ ಹಾಡು ಬರೆದ ಜಾನಿ ಮಾರ್ಕ್ಸ್ ಸಹ. ತಮ್ಮದಲ್ಲದ ಹಬ್ಬಕ್ಕೆ ಇವರೆಲ್ಲ ಕೊಟ್ಟ ಹಾಡುಗಳಿಂದಲೇ ಅಮೆರಿಕದ ಕ್ರಿಸ್‌ಮಸ್‌ಗೆ ಈಗಿನ ರೂಪ ಬಂದಿದೆ. ಡಿಲನ್ ಕೂಡ ಮಿನ್ನೆಸೋಟದ ಯಹೂದಿ ಮನೆಯಲ್ಲಿ ರಾಬರ್ಟ್ ಝಿಮ್ಮರ್‌ಮನ್ ಆಗಿ ಹುಟ್ಟಿದವರು. 1970ರ ದಶಕದ ಕೊನೆಗೆ ಕ್ರೈಸ್ತ ಧರ್ಮದ ಕಡೆ ತಿರುಗಿ, 1979ರಿಂದ 1981ರ ನಡುವೆ ಮೂರು ಆಲ್ಬಮ್‌ಗಳಲ್ಲಿ ಆ ನಂಬಿಕೆಯನ್ನು ಹಾಡಿದವರು. ಆಗ ಅಭಿಮಾನಿಗಳೇ ಕಾರ್ಯಕ್ರಮಗಳಲ್ಲಿ ಕೂಗಾಡಿದ್ದರು. ಹಾಗಾಗಿ ಈ ಆಲ್ಬಮ್‌ನಲ್ಲಿ ಎರಡು ಪರಂಪರೆಗಳೂ ಒಬ್ಬನೇ ಮನುಷ್ಯನ ಬದುಕಿನಿಂದ ಬಂದಿವೆ. ಬೇರೆ ಗಾಯಕರಿಗೆ ಹಾಡಿನ ಆಯ್ಕೆ ಆಗಿದ್ದದ್ದು ಇವರಿಗೆ ಸ್ವಂತ ಕತೆ.

ದನಿಯ ವಿಷಯಕ್ಕೆ ಬರೋಣ. ಜಗಳ ಇದ್ದದ್ದೇ ಅಲ್ಲಿ. ಕ್ರಿಸ್‌ಮಸ್ ಹಾಡುಗಳೆಂದರೆ ನಮಗೆ ಕ್ರಾಸ್ಬಿ, ನ್ಯಾಟ್ ಕಿಂಗ್ ಕೋಲ್ ಅವರ ಬೆಣ್ಣೆಯಂಥ ಗಂಟಲು ನೆನಪಾಗುತ್ತದೆ. ಡಿಲನ್ ಅವರ ಗಂಟಲು 2009ರ ಹೊತ್ತಿಗೆ ಜಲ್ಲಿಕಲ್ಲು. ಮೇಲಿನ ಸ್ವರಕ್ಕೆ ಹೋಗುವಾಗ ಬಿರುಕು ಬಿಡುತ್ತದೆ, ಉಸಿರು ಕೇಳಿಸುತ್ತದೆ. ಅವರ ಹಿಂದೆ ಹಾಡುವ ಕೋರಸ್ ಮಾತ್ರ 1940-50ರ ದಶಕದ ಹಾಗೆ ತೀರಾ ನಯ, ತೀರಾ ಸಿಹಿ. ಈ ಎರಡನ್ನೂ ಪಕ್ಕಪಕ್ಕ ಕೇಳಿದ ವಿಮರ್ಶಕರಲ್ಲಿ ಕೆಲವರು ಡಿಲನ್ ಅಣಕ ಮಾಡುತ್ತಿದ್ದಾರೆ ಅಂದರು. ನನಗೆ ಅದು ಒಪ್ಪಿಗೆ ಆಗುವುದಿಲ್ಲ. ಅಣಕ ಮಾಡುವವರು ಹಾಡನ್ನು ಸ್ವಲ್ಪವಾದರೂ ಸೊಟ್ಟ ಮಾಡುತ್ತಾರೆ. ತಮ್ಮ ಸ್ವಂತ ಹಾಡುಗಳನ್ನೇ ವೇದಿಕೆ ಮೇಲೆ ಗುರುತು ಸಿಗದಷ್ಟು ಬದಲಿಸಿ ಹಾಡುವ ಡಿಲನ್, ಇಲ್ಲಿ ಧಾಟಿಯನ್ನು ಬದಲಿಸುವುದೇ ಇಲ್ಲ. 'ಓ ಕಮ್ ಆಲ್ ಯೀ ಫೇಯ್ತ್‌ಫುಲ್' ಕ್ಯಾರಲ್‌ನ ಮೊದಲ ಚರಣವನ್ನು ಹಳೆಯ ಲ್ಯಾಟಿನ್‌ನಲ್ಲೇ ಹಾಡುತ್ತಾರೆ. ಒಂದೊಂದು ಅಕ್ಷರವನ್ನೂ ತೂಗಿ ಇಡುತ್ತಾರೆ. ತಮಾಷೆಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ.

ಆಲ್ಬಮ್ ಬಂದ ಮೇಲೆ ಅವರು ಕೊಟ್ಟ ಸಂದರ್ಶನದಲ್ಲೂ ಇದೇ ಮಾತು ಬಂತು. ಈ ಹಾಡುಗಳು ಜಾನಪದ ಗೀತೆಗಳ ಹಾಗೆ ನನ್ನ ಬದುಕಿನ ಭಾಗ, ನೇರವಾಗಿಯೇ ಹಾಡಬೇಕು ಅಂದರು. ಬೆತ್ಲೆಹೇಮ್‌ನ ಹಾಡನ್ನು ನಿಜವಾದ ನಂಬಿಕೆ ಇದ್ದವರ ಹಾಗೆ ಹಾಡಿದ್ದೀರಿ ಅಂದಾಗ, ನಾನು ನಂಬುವವನೇ ಅಂತ ಉತ್ತರ ಕೊಟ್ಟರು. ಆ ಸಂದರ್ಶನ ಕೊಟ್ಟದ್ದು ಯಾರಿಗೆ ಅನ್ನುವುದೂ ಮುಖ್ಯ. ಮನೆಯಿಲ್ಲದವರು ಬೀದಿಯಲ್ಲಿ ಮಾರಿ ಹೊಟ್ಟೆ ಹೊರೆಯುವ ಪತ್ರಿಕೆಗಳಿಗೆ.

ಹಾಗಂತ ನಗುವೇ ಇಲ್ಲ ಅಂತಲ್ಲ. 'ಮಸ್ಟ್ ಬಿ ಸಾಂಟಾ' ಕೇಳಿದರೆ ಕಾಲು ಸುಮ್ಮನಿರುವುದಿಲ್ಲ. ಓಡುವ ಪೋಲ್ಕಾ ತಾಳ, ಲಾಸ್ ಲೋಬೋಸ್ ತಂಡದ ಡೇವಿಡ್ ಹಿಡಾಲ್ಗೊ ಅವರ ಅಕಾರ್ಡಿಯನ್. ಸಾಂಟಾನ ಗಾಡಿ ಎಳೆಯುವ ಹಿಮಸಾರಂಗಗಳ ಹೆಸರು ಹೇಳುತ್ತಾ ಹೇಳುತ್ತಾ ನಡುವೆ ಐಸೆನ್‌ಹೋವರ್, ಕೆನಡಿ, ಜಾನ್ಸನ್, ನಿಕ್ಸನ್ ಅಂತ ಅಮೆರಿಕದ ಅಧ್ಯಕ್ಷರ ಹೆಸರುಗಳು ನುಗ್ಗುತ್ತವೆ. ಇದರ ವಿಡಿಯೋದಲ್ಲಿ ಡಿಲನ್ ಉದ್ದ ಕೂದಲಿನ ವಿಗ್ ಹಾಕಿಕೊಂಡು ಒಂದು ಮನೆ ಪಾರ್ಟಿಯಲ್ಲಿ ಕುಣಿಯುತ್ತಾರೆ. ಆಲ್ಬಮ್‌ನ ಹೊದಿಕೆಯೂ ಹಾಗೇ. ಹಿಂಬದಿಯಲ್ಲಿ ನಕ್ಷತ್ರ ನೋಡಿಕೊಂಡು ಒಂಟೆ ಮೇಲೆ ಹೊರಟ ಮೂವರು ಜ್ಞಾನಿಗಳು, ಒಳಗೆ ಸಾಂಟಾ ಉಡುಪು ತೊಟ್ಟ 1950ರ ದಶಕದ ಮಾಡೆಲ್ ಬೆಟ್ಟಿ ಪೇಜ್ ಚಿತ್ರ. ಮಡಿವಂತರಿಗೆ ಕಸಿವಿಸಿ ಆಗಬಹುದು. ಆದರೆ ಹಬ್ಬದಲ್ಲಿ ಇದೆಲ್ಲ ಒಟ್ಟಿಗೇ ಇರುತ್ತದೆ. ಯುರೋಪಿನಲ್ಲಿ ಕ್ಯಾರಲ್‌ಗಳು ಮೊದಲಿಗೆ ಜನ ಸುತ್ತು ಹಾಕಿ ಕುಣಿಯುತ್ತಾ ಹಾಡುತ್ತಿದ್ದ ಹಾಡುಗಳೇ ಆಗಿದ್ದವು. ಅತ್ತ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ಅನ್ನುವ ಕಟ್ಟುನಿಟ್ಟಿನ ಕ್ರೈಸ್ತರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಅಂತ ಕಾನೂನು ಮಾಡಿದ್ದರು. ಹಬ್ಬದ ಈ ಗದ್ದಲವೇ ಅವರಿಗೆ ಆಗದೇ ಇದ್ದದ್ದು.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ ಆಗಬಾರದು. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಮೊದಲು ಗಣಪತಿ ಸ್ತುತಿ ಹಾಡಿ, ಆಮೇಲೆ ಸಿನಿಮಾ ಹಾಡಿಗೆ ಇಳಿಯುತ್ತಾರಲ್ವಾ? ಯಾರೂ ಎದ್ದು ಹೋಗುವುದಿಲ್ಲ. ಡಾ. ರಾಜ್‌ಕುಮಾರ್ ಅವರ ರಾಘವೇಂದ್ರ ಸ್ವಾಮಿಗಳ ಹಾಡುಗಳನ್ನು ಕೇಳಿ ಕೈಮುಗಿಯುವವರು ಅವರ ಪ್ರೇಮಗೀತೆಗಳನ್ನೂ ಅಷ್ಟೇ ಪ್ರೀತಿಯಿಂದ ಕೇಳುತ್ತಾರೆ. ಕ್ರೈಸ್ತರಾಗಿ ಹುಟ್ಟಿದ ಯೇಸುದಾಸ್ ತಮ್ಮ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಹಾಡುವುದನ್ನು ವರ್ಷಗಳಿಂದ ನೋಡಿದ್ದೇವೆ. ಇನ್ನು ಬೆಂಗಳೂರು, ಮಂಗಳೂರು, ಕೋಲಾರದ ಚಿನ್ನದ ಗಣಿಯ ಊರುಗಳ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ಅಂದರೆ ಜಿಮ್ ರೀವ್ಸ್. ಅವರ 1963ರ ಕ್ರಿಸ್‌ಮಸ್ ಆಲ್ಬಮ್ 'ಜಿಂಗಲ್ ಬೆಲ್ಸ್'ನಿಂದ ಶುರುವಾಗಿ 'ಸೈಲೆಂಟ್ ನೈಟ್'ನಲ್ಲಿ ಮುಗಿಯುತ್ತದೆ. ಮರುವರ್ಷವೇ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಆ ಹಾಡುಗಳು ಕ್ಯಾಸೆಟ್ಟು, ಸೀಡಿ, ಫೋನು ಅಂತ ದಾಟುತ್ತಾ ಕುಸ್ವಾರ್ ಅನ್ನುವ ಹಬ್ಬದ ತಿಂಡಿ ಕರಿಯುವ ಅಡುಗೆಮನೆಗಳಲ್ಲಿ ಇನ್ನೂ ಕೇಳಿಸುತ್ತವೆ.

ಈಗ ವ್ಯಾಪಾರದ ಪ್ರಶ್ನೆ. ಇದನ್ನು ನುಣುಚಿಕೊಳ್ಳುವ ಹಾಗಿಲ್ಲ. ಹಳೆಯ ಕ್ಯಾರಲ್‌ಗಳಿಗೆ ಹಕ್ಕುಸ್ವಾಮ್ಯ ಇರುವುದಿಲ್ಲ. ಯಾರು ಬೇಕಾದರೂ ಹಾಡಬಹುದು, ಬರೆದವರಿಗೆ ಕೊಡುವುದು ಏನೂ ಇಲ್ಲ. ಇಪ್ಪತ್ತನೇ ಶತಮಾನದ ನಡುವಿನ ಜನಪ್ರಿಯ ಹಾಡುಗಳಿಗೆ ಹಕ್ಕುದಾರರು ಇದ್ದಾರೆ, ಅವರ ಪಾಲು ಅವರಿಗೆ ಹೋಗಬೇಕು. ಎರಡನ್ನೂ ಬೆರೆಸಿದ ಆಲ್ಬಮ್‌ಗೆ ಖರ್ಚು ಕಡಿಮೆ, ಕೇಳುವವರು ಜಾಸ್ತಿ. ಚರ್ಚಿಗೆ ಹೋಗುವವರೂ ಕೊಳ್ಳುತ್ತಾರೆ, ಹೋಗದವರೂ ಕೊಳ್ಳುತ್ತಾರೆ. ಹಿರಿಯ ಗಾಯಕರಿಗೆ ಹೊಸ ಹಾಡು ಬರೆಸುವ ತಲೆನೋವೂ ಇಲ್ಲ. ಈ ಲೆಕ್ಕ ಗೊತ್ತಿಲ್ಲದ ಕಂಪನಿ ಯಾವುದೂ ಇಲ್ಲ.

ಡಿಲನ್ ಇದಕ್ಕೆ ಕಂಡುಕೊಂಡ ಉತ್ತರ ಸರಳ. ಗಾಯಕನಾಗಿ ತಮಗೆ ಬರುವ ರಾಯಲ್ಟಿ ಪೂರ್ತಿ ಹಸಿದವರಿಗೆ. ಒಂದು ವರ್ಷಕ್ಕಲ್ಲ, ಶಾಶ್ವತವಾಗಿ. ಅಮೆರಿಕದಲ್ಲಿ ಫೀಡಿಂಗ್ ಅಮೆರಿಕ, ಬ್ರಿಟನ್‌ನಲ್ಲಿ ಮನೆಯಿಲ್ಲದವರಿಗಾಗಿ ಕೆಲಸ ಮಾಡುವ ಕ್ರೈಸಿಸ್, ಉಳಿದ ಕಡೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ. ಅಮೆರಿಕವೊಂದರಲ್ಲೇ ಆ ಹಬ್ಬಕ್ಕೆ 14 ಲಕ್ಷ ಜನರಿಗೆ 40 ಲಕ್ಷಕ್ಕೂ ಹೆಚ್ಚು ಊಟ ಅಂತ ಘೋಷಣೆ ಆಗಿತ್ತು. ಕ್ರಾಸ್ಬಿ ಅವರ ಅಳುಕಿಗೂ ಡಿಲನ್ ಅವರ ನಿರ್ಧಾರಕ್ಕೂ ಒಂದು ವ್ಯತ್ಯಾಸ ಇದೆ, ನನಗೆ ಅದು ದೊಡ್ಡದಾಗಿ ಕಾಣುತ್ತದೆ. ಕ್ರಾಸ್ಬಿ ದೇವರ ಹಾಡಿನ ಹಣವನ್ನು ಮಾತ್ರ ಬೇರೆ ಇಟ್ಟರು. ಡಿಲನ್ ಸಾಂಟಾನ ಹಾಡಿಗೂ ಕ್ಯಾರಲ್‌ಗೂ ಒಂದೇ ನಿಯಮ ಮಾಡಿದರು. ಹಾಡಿನ ಸಾಲಿನಲ್ಲಿ ತೆಗೆದ ಗೋಡೆಯನ್ನು ಹಣದಲ್ಲೂ ತೆಗೆದರು.

ಎಲ್ಲರೂ ಹೀಗೆ ಕೊಡಬೇಕು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಹಿರಿಯ ಕಲಾವಿದರಿಗೆ ಈ ಹಬ್ಬದ ಆದಾಯವೇ ಆಸರೆ. ಅದನ್ನು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಕಂಪನಿಯ ಲೆಕ್ಕಕ್ಕೆ ಮಾತ್ರ ಮಾಡಿದ ಆಲ್ಬಮ್ ಕೇಳಿದ ಕೂಡಲೇ ಗೊತ್ತಾಗುತ್ತದೆ. ಜನಪ್ರಿಯ ಹಾಡುಗಳಲ್ಲಿ ಗಾಯಕರು ಮನಸ್ಸಿಟ್ಟು ಹಾಡಿರುತ್ತಾರೆ, ಕ್ಯಾರಲ್ ಬಂದ ಕೂಡಲೇ ದನಿಗೆ ಒಂದು ಹುಸಿ ಗಾಂಭೀರ್ಯ ಬರುತ್ತದೆ. ಪ್ರತಿಧ್ವನಿ ಜಾಸ್ತಿ ಮಾಡಿರುತ್ತಾರೆ, ದೊಡ್ಡ ಗಾಯನವೃಂದ ತುಂಬಿರುತ್ತಾರೆ. ಡಿಲನ್ ಅವರಲ್ಲಿ ಆ ಬದಲಾವಣೆ ಇಲ್ಲ. 'ಸಿಲ್ವರ್ ಬೆಲ್ಸ್' ಹಾಡಿದ ದನಿಯಲ್ಲೇ 'ದ ಫಸ್ಟ್ ನೋಯೆಲ್' ಬರುತ್ತದೆ. ವಯಸ್ಸಾದ ಗಂಟಲಿಗೆ ವೇಷ ಹಾಕಲು ಆಗುವುದಿಲ್ಲ. ಹಿರಿಯರ ಆಲ್ಬಮ್‌ಗಳ ನಿಜವಾದ ಲಾಭ ಇದೇ ಅಂತ ನನಗೆ ಅನ್ನಿಸುತ್ತದೆ.

ಈ ಆಲ್ಬಮ್‌ನಿಂದ ಮುಂದೆ ಏನಾಯಿತು ಅನ್ನುವುದನ್ನೂ ನೋಡಬೇಕು. 2015ರಲ್ಲಿ ಡಿಲನ್ 'ಶ್ಯಾಡೋಸ್ ಇನ್ ದ ನೈಟ್' ಅನ್ನುವ ಆಲ್ಬಮ್ ತಂದರು. ಎಲ್ಲವೂ ಸಿನಾತ್ರಾ ಹಾಡಿದ್ದ ಹಳೆಯ ಹಾಡುಗಳು. 2016ರಲ್ಲಿ ಇನ್ನೊಂದು, ಅದೇ ವರ್ಷ ನೊಬೆಲ್ ಪ್ರಶಸ್ತಿ. 2017ರಲ್ಲಿ ಮೂರು ಡಿಸ್ಕ್‌ಗಳ ಮತ್ತೊಂದು. ಬೇರೆಯವರು ಬರೆದ ಜನಪ್ರಿಯ ಹಾಡುಗಳ ಮುಂದೆ ತಲೆಬಾಗಿ ಹಾಡುವ ಈ ಅಧ್ಯಾಯ ಎಲ್ಲಿಂದ ಬಂತು ಅಂತ ಆಗ ಹಲವರು ಅಚ್ಚರಿಪಟ್ಟರು. ತಮಾಷೆ ಅಂತ ಪಕ್ಕಕ್ಕಿಟ್ಟ ಕ್ರಿಸ್‌ಮಸ್ ಆಲ್ಬಮ್‌ನಲ್ಲಿ ಆ ದಾರಿ ಆಗಲೇ ಶುರುವಾಗಿತ್ತು.

ಸ್ಟ್ರೀಮಿಂಗ್ ಈ ಹಳೆಯ ದನಿಗಳಿಗೆ ಮತ್ತೆ ಜೀವ ಕೊಟ್ಟಿದೆ, ಒಪ್ಪಬೇಕು. ಜೊತೆಗೆ ಒಂದನ್ನು ಕಿತ್ತುಕೊಂಡಿದೆ. ಆ್ಯಪ್ ತಾನೇ ಮಾಡಿಕೊಡುವ ಹಬ್ಬದ ಪ್ಲೇಲಿಸ್ಟ್‌ನಲ್ಲಿ 'ಮಸ್ಟ್ ಬಿ ಸಾಂಟಾ' ಒಂದೇ ಬರುತ್ತದೆ, ಹಿಂದೆ ಮುಂದೆ ಬೇರೆಯವರ ಹಾಡು. ಪಾರ್ಟಿಗೆ ಒಂದು ಪಟ್ಟಿ, ಆರಾಧನೆಗೆ ಇನ್ನೊಂದು. ಎಲ್‌ಪಿ ತಟ್ಟೆಯ ಎರಡು ಮುಖ ಹೋಗಿ ಎರಡು ಪ್ಲೇಲಿಸ್ಟ್ ಆಗಿದೆ. ಹಾಡುಗಾರ ಯೋಚಿಸಿ ಜೋಡಿಸಿದ ಸಾಲು ಅಲ್ಲಿ ಕಾಣುವುದೇ ಇಲ್ಲ. ಈ ಆಲ್ಬಮ್ ಕೇಳುವ ಮನಸ್ಸಿದ್ದರೆ ಶಫಲ್ ಬಟನ್ ಆಫ್ ಮಾಡಿ, ಮೊದಲ ಹಾಡಿನಿಂದ ಹದಿನೈದನೆಯದರವರೆಗೆ ಅದೇ ಕ್ರಮದಲ್ಲಿ ಕೇಳಿ. ಒಂದು ಗಂಟೆಯೂ ಹಿಡಿಯುವುದಿಲ್ಲ.